ಬಲವೂ ಮೈಕಟ್ಟೂ: ಯೂಜೆನ್ ಸ್ಯಾಂಡೋನ ಜೀವಿತದಿಂದ ಕಲಿಯತಕ್ಕದ್ದು

ನಮ್ಮ ಊರುಗಳ ಬಟ್ಟೆಯಂಗಡಿಗಳಲ್ಲಿ ತೋಳಿಲ್ಲದ ಒಳಂಗಿಗೆ ಸ್ಯಾಂಡೋ ಬನಿಯನ್ ಎಂಬ ಹೆಸರು ರೂಢಿಯಾಗಿರುವುದಷ್ಟೆ. ಅದನ್ನು ಕೇಳಿ ಕೊಳ್ಳುವವರಲ್ಲಿ ಆ ಹೆಸರು ಒಬ್ಬ ಮನುಷ್ಯನದೆಂಬುದನ್ನು ಬಲ್ಲವರು ವಿರಳ. ಆ ಮನುಷ್ಯನು ತೀರಿಕೊಂಡು ಒಂದು ಶತಮಾನವೇ ಕಳೆಯುತ್ತ ಬಂದರೂ, ಇಂದು ಪಟ್ಟಣ ಪಟ್ಟಣದಲ್ಲಿಯೂ ಹೋಬಳಿ ಹೋಬಳಿಯಲ್ಲಿಯೂ ತೆರೆದಿರುವ ವ್ಯಾಯಾಮಶಾಲೆಗಳ ಗೋಡೆಗನ್ನಡಿಯೊಳಗೆ ನಮ್ಮ ತರುಣರು ಹುಡುಕುತ್ತಿರುವ ರೂಪವು ಅವನದೇ. ಆ ಶಾಲೆಗಳಿಗೆ ಹೋಗುವ ಹುಡುಗನು ಒಂದೇ ಉಸುರಿನಲ್ಲಿ ಎರಡು ವರಗಳನ್ನು ಬೇಡುತ್ತಾನೆ: ತನಗೆ ಬಲ ಬರಬೇಕು, ತನ್ನ ಮೈ ತುಂಬಿಕೊಳ್ಳಬೇಕು. ಇವೆರಡೂ ಒಂದೇ ಎಂದು ಅವನು ತಿಳಿದಿರುತ್ತಾನೆ; ಹಲವೆಡೆ ಅವನಿಗೆ ಕಲಿಸುವವರೂ ಹಾಗೆಯೇ ತಿಳಿದಿರುತ್ತಾರೆ. ಇವೆರಡೂ ಒಂದೇ ಮನೆಯ ಮಕ್ಕಳಾದರೂ ಒಂದೇ ಅಲ್ಲವೆಂಬುದಕ್ಕೆ ಯೂಜೆನ್ ಸ್ಯಾಂಡೋನ ಜೀವಿತಕ್ಕಿಂತ ಒಳ್ಳೆಯ ನಿದರ್ಶನವು ನಮಗೆ ತೋರದು. ಆದುದರಿಂದ ಅವನ ಕಥೆಯನ್ನು ವಾಚಕರ ಮುಂದೆ ಇಡಲು ಬಯಸುತ್ತೇವೆ.

ಸ್ಯಾಂಡೋನ ಹುಟ್ಟುಹೆಸರು ಫ್ರೀಡ್ರಿಕ್ ವಿಲ್‌ಹೆಲ್ಮ್ ಮ್ಯುಲ್ಲರ್. ಪ್ರಷ್ಯ ದೇಶದ ಕೋನಿಗ್ಸ್‌ಬರ್ಗ್ ಪಟ್ಟಣದಲ್ಲಿ 1867ನೆಯ ಇಸವಿಯ ಏಪ್ರಿಲ್ 2ರಂದು ಅವನು ಜನಿಸಿದನು. ಆ ಪಟ್ಟಣವು ಈಗ ಕಲಿನಿನ್‌ಗ್ರಾಡ್ ಎಂಬ ಹೆಸರಿನಿಂದ ರಷ್ಯಕ್ಕೆ ಸೇರಿದೆ. ಬಾಲ್ಯದಲ್ಲಿ ತಾನು ಬಡಕಲು ಮೈಯವನಾಗಿದ್ದೆನೆಂದೂ, ತಂದೆಯೊಡನೆ ಇಟಲಿಗೆ ಹೋದಾಗ ಅಲ್ಲಿಯ ಪುರಾತನ ಶಿಲಾವಿಗ್ರಹಗಳನ್ನು ನೋಡಿ ಅಂಥ ದೇಹವನ್ನು ಪಡೆಯಬೇಕೆಂಬ ಛಲ ಹುಟ್ಟಿತೆಂದೂ ಅವನೇ ಮುಂದೆ ಹೇಳಿಕೊಂಡನು. ತನ್ನ ಕಥೆಯನ್ನು ತಾನೇ ಮಾರುವುದರಲ್ಲಿ ನಿಪುಣನಾದವನ ಮಾತು ಇದು. ಇದಕ್ಕೆ ಎಷ್ಟು ಬೆಲೆ ಕೊಡಬೇಕೋ ಅಷ್ಟನ್ನೇ ಕೊಡೋಣ. ಆದರೆ ಕಲ್ಲಿನ ವಿಗ್ರಹವನ್ನು ಆದರ್ಶವಾಗಿ ಇಟ್ಟುಕೊಂಡನೆಂಬ ಅಂಶವು ಗಮನಿಸತಕ್ಕದ್ದು. ವಿಗ್ರಹವು ಏನನ್ನೂ ಎತ್ತುವುದಿಲ್ಲ. ನೋಡಿಸಿಕೊಳ್ಳುವುದೇ ಅದರ ಕೆಲಸ.

ಹದಿನೆಂಟರ ಹರೆಯದಲ್ಲಿ ಸ್ವದೇಶವನ್ನು ಬಿಟ್ಟ ಈ ತರುಣನು ಸರ್ಕಸ್ಸುಗಳಲ್ಲಿ ಹೊಟ್ಟೆ ಹೊರೆಯುತ್ತ ಬ್ರಸೆಲ್ಸ್ ನಗರವನ್ನು ಸೇರಿದನು. ಅಲ್ಲಿ ಅವನಿಗೆ ಗುರು ದೊರೆತನು. ಪ್ರೊಫೆಸರ್ ಆಟಿಲಾ ಎಂಬ ರಂಗನಾಮದಿಂದ ಪ್ರಸಿದ್ಧನಾದ ಲೂಯಿ ಡುರ್ಲಾಕರನೇ ಆ ಗುರು. ಆಟಿಲನು ಶಿಷ್ಯನ ಕೈಗೆ ಭಾರವಾದ ಕಬ್ಬಿಣವನ್ನು ಕೊಟ್ಟನು. ಒಂದೇ ಕೈಯಿಂದ ಭಾರವನ್ನು ಭುಜಕ್ಕೆ ತಂದು, ಮೈಯನ್ನು ಎದುರು ಪಕ್ಕಕ್ಕೆ ಮೆಲ್ಲಮೆಲ್ಲನೆ ಬಾಗಿಸುತ್ತ ಅದರ ಅಡಿಯಲ್ಲಿ ತೋಳನ್ನು ನೆಟ್ಟಗೆ ಮಾಡಿ, ಬಳಿಕ ಭಾರದೊಡನೆ ಎದ್ದು ನಿಲ್ಲುವ ಒಂದು ಪಟ್ಟು ಆ ಕಾಲದ ಮಲ್ಲರಲ್ಲಿ ಬಹು ಮಾನ್ಯವಾಗಿದ್ದಿತು. ಇದರಲ್ಲಿ ತೋಳಿನ ಗಾತ್ರಕ್ಕಿಂತ ಮೈಯೆಲ್ಲ ಒಂದಾಗಿ ದುಡಿಯುವ ಜಾಣ್ಮೆಯೇ ಮುಖ್ಯ. ಸ್ಯಾಂಡೋನು ಈ ಬಗೆಯಲ್ಲಿ 250 ಪೌಂಡಿಗೆ ಮೀರಿದ ಭಾರವನ್ನು, ಎಂದರೆ 113 ಕಿಲೋಗ್ರಾಮಿಗೂ ಹೆಚ್ಚಾದುದನ್ನು, ಒಂದೇ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತುವವನಾದನು. ಅವನ ಬಲವು ಸುಳ್ಳಾಗಿರಲಿಲ್ಲ. ಮುಂದಿನ ಮಾತುಗಳನ್ನು ಓದುವಾಗ ವಾಚಕರು ಇದನ್ನು ಮರೆಯಬಾರದು.

1889ರಲ್ಲಿ ಲಂಡನ್ ನಗರದ ಒಂದು ರಂಗಮಂದಿರದಲ್ಲಿ ಸ್ಯಾಂಪ್ಸನ್ ಎಂಬ ಬಲಪ್ರದರ್ಶಕನು ತನ್ನನ್ನೂ ತನ್ನ ಶಿಷ್ಯನಾದ ಸೈಕ್ಲಾಪ್ಸನನ್ನೂ ಮೀರಿಸುವವರಿಗೆ ಬಹುಮಾನವನ್ನು ಸಾರಿದ್ದನು. ತನ್ನನ್ನೇ ಗೆದ್ದವರಿಗೆ 500 ಪೌಂಡ್ ಹಣವೆಂದು ಪಣ ಕಟ್ಟಿದ್ದನು. ಇಂಗ್ಲೆಂಡಿನಲ್ಲಿ ಯಾರೂ ಅರಿಯದ ಸ್ಯಾಂಡೋನು ಅಕ್ಟೋಬರ್ ತಿಂಗಳ ಕೊನೆಯಲ್ಲಿ ಶಿಷ್ಯನನ್ನೂ, ನವೆಂಬರ್ 2ರಂದು ಗುರುವನ್ನೂ ಸೋಲಿಸಿದನು. ಬಟ್ಟೆ ತೊಟ್ಟು ನಿಂತಾಗ ಅವನು ಸಾಧಾರಣ ಎತ್ತರದ ಸಭ್ಯ ಗೃಹಸ್ಥನಂತೆ ಕಾಣುತ್ತಿದ್ದನು. ಮೇಲಂಗಿ ಕಳಚಿದಾಗಲೇ ಜನರು ಬೆರಗಾದರು. ಕಬ್ಬಿಣವನ್ನು ಬಾಗಿಸಿ, ಸರಪಣಿಯನ್ನು ಹರಿದು ಗೆದ್ದ ಆ ರಾತ್ರಿಯಿಂದ ಅವನ ಹೆಸರು ಮನೆಮಾತಾಯಿತು. ಇಲ್ಲಿಯವರೆಗಿನ ಸ್ಯಾಂಡೋನು ಬಲದ ಮನುಷ್ಯನು. ಎತ್ತಿದ ಭಾರವೇ ಅವನಿಗೆ ಸಾಕ್ಷಿ.

ತಿರುವು ಬಂದದ್ದು ಅಮೆರಿಕದಲ್ಲಿ. 1893ರಲ್ಲಿ ಷಿಕಾಗೋ ನಗರದಲ್ಲಿ ನಡೆದ ಮಹಾಪ್ರದರ್ಶನದ ಸಮಯಕ್ಕೆ ಸರಿಯಾಗಿ ಫ್ಲಾರೆನ್ಸ್ ಝೀಗ್‌ಫೆಲ್ಡನೆಂಬ ತರುಣ ವ್ಯವಹಾರಸ್ಥನು ಸ್ಯಾಂಡೋನನ್ನು ತನ್ನ ರಂಗಮಂದಿರಕ್ಕೆ ಕರೆದೊಯ್ದನು. ವಾಚಕರಿಗೆ ಆ ವರ್ಷವೂ ಆ ಊರೂ ಬೇರೆ ಕಾರಣದಿಂದ ಪರಿಚಿತವಾಗಿವೆ. ಅದೇ ವರ್ಷ ಸ್ವಾಮಿ ವಿವೇಕಾನಂದರು ಅಲ್ಲಿಯ ಸರ್ವಧರ್ಮಸಮ್ಮೇಳನದಲ್ಲಿ ಮಾತನಾಡಿದರು. ಪ್ರೇಕ್ಷಕರ ಕಣ್ಣು ಎತ್ತಿದ ಭಾರಕ್ಕಿಂತ ಎತ್ತುವವನ ಮೈಯ ಮೇಲೆಯೇ ನೆಟ್ಟಿರುವುದನ್ನು ಝೀಗ್‌ಫೆಲ್ಡನು ಕಂಡುಕೊಂಡನು. ಅಂದಿನಿಂದ ಆಟದ ಕ್ರಮವೇ ಬದಲಾಯಿತು. ಸ್ಯಾಂಡೋನು ಅರೆಬತ್ತಲೆಯಾಗಿ ದೀಪದ ಬೆಳಕಿನಲ್ಲಿ ನಿಂತು, ಒಂದೊಂದು ಮಾಂಸಖಂಡವನ್ನೂ ಬೇರೆ ಬೇರೆಯಾಗಿ ಉಬ್ಬಿಸಿ ತೋರಿಸುವುದೇ ಮುಖ್ಯ ವಿಷಯವಾಗಿ, ಭಾರವೆತ್ತುವುದು ಅದರ ಒಗ್ಗರಣೆಯಾಯಿತು. 1894ರ ಮಾರ್ಚ್ 6ರಂದು ಎಡಿಸನ್ನನ ಚಲಚ್ಚಿತ್ರಶಾಲೆಯಲ್ಲಿ ತೆಗೆದ ಪುಟ್ಟ ಚಿತ್ರವೊಂದು ಇಂದಿಗೂ ಉಳಿದಿದೆ. ಅದರಲ್ಲಿ ಸ್ಯಾಂಡೋನು ಏನನ್ನೂ ಎತ್ತುವುದಿಲ್ಲ. ತೋಳುಗಳನ್ನು ಮಡಿಸುತ್ತಾನೆ, ಬೆನ್ನು ತಿರುಗಿಸುತ್ತಾನೆ, ನಿಲುವುಗಳನ್ನು ತೋರಿಸುತ್ತಾನೆ. ಲೋಕವು ಬಲವನ್ನು ಅಳೆಯುವುದನ್ನು ಬಿಟ್ಟು ಬಲದ ರೂಪವನ್ನು ನೋಡಲು ತೊಡಗಿದ ಗಳಿಗೆಯನ್ನು ಗುರುತಿಸಬೇಕಾದರೆ ಈ ಚಿತ್ರವನ್ನೇ ಗುರುತಿಸಬೇಕು.

ಇಂಗ್ಲೆಂಡಿಗೆ ಮರಳಿದ ಸ್ಯಾಂಡೋನು 1897ರಲ್ಲಿ ಲಂಡನ್ನಿನ ಸೇಂಟ್ ಜೇಮ್ಸ್ ಬೀದಿಯಲ್ಲಿ ಅಂಗಸಾಧನೆಯ ಶಾಲೆಯನ್ನು ತೆರೆದನು; 1898ರಲ್ಲಿ ಅದೇ ವಿಷಯಕ್ಕೆ ಮಾಸಪತ್ರಿಕೆಯನ್ನು ಹೊರಡಿಸಿದನು; ಪುಸ್ತಕಗಳನ್ನು ಪ್ರಕಟಿಸಿದನು; ಅಂಚೆಯ ಮೂಲಕ ಪಾಠ ಹೇಳಿದನು. ದೇಹಕಟ್ಟುವಿಕೆ ಎಂಬ ಪದವನ್ನೇ 1904ರಲ್ಲಿ ತನ್ನ ಒಂದು ಗ್ರಂಥಕ್ಕೆ ಹೆಸರಾಗಿ ಇಟ್ಟನು. ಇವೆಲ್ಲವುಗಳೊಡನೆ ಅವನು ಮಾರಿದುದು ಹಗುರವಾದ ಡಂಬೆಲ್ಸು. ನಡುವೆ ಸ್ಪ್ರಿಂಗುಗಳಿದ್ದು ಎರಡು ಹೋಳಾಗಿ ಮಾಡಿದ ಆ ಸಾಧನವನ್ನು ಮುಷ್ಟಿಯಲ್ಲಿ ಅಮುಕಿ ಹಿಡಿದು, ಮನಸ್ಸನ್ನು ಆಯಾ ಮಾಂಸಖಂಡದಲ್ಲಿ ನಿಲ್ಲಿಸಿ, ಹತ್ತಾರು ಸಲ ಕೈ ಆಡಿಸಬೇಕು. ತಿಂಗಳಿಗೊಮ್ಮೆ ಅಳತೆಪಟ್ಟಿಯಿಂದ ತೋಳು, ಎದೆ, ತೊಡೆಗಳನ್ನು ಅಳೆದು ಬರೆದಿಡಬೇಕು. ಗುಮಾಸ್ತನೂ ವಿದ್ಯಾರ್ಥಿಯೂ ತಮ್ಮ ಕೋಣೆಯಲ್ಲಿಯೇ ಮಾಡಬಹುದಾದ ಸಾಧನೆ ಇದು. ಕುರ್ಚಿಗಂಟಿ ಕುಳಿತ ಲಕ್ಷಾಂತರ ಜನರು ಮೈ ಆಡಿಸಲು ಕಲಿತರೆಂಬುದು ಸ್ಯಾಂಡೋನ ನಿಜವಾದ ಉಪಕಾರ. ಅದನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ ಸ್ಯಾಂಡೋನು ತಾನು ಬಲಿಷ್ಠನಾದದ್ದು ಆಟಿಲನ ಭಾರವಾದ ಕಬ್ಬಿಣದಿಂದ. ಲೋಕಕ್ಕೆ ಮಾರಿದ್ದು ಹಗುರವಾದ ಡಂಬೆಲ್ಸನ್ನು. ಕೊಂಡವನು ಪೆಟ್ಟಿಗೆಯ ಮೇಲಿನ ಚಿತ್ರವನ್ನು ನೋಡಿ ಒಳಗಿರುವ ಸಾಧನದಿಂದಲೇ ಆ ದೇಹವೂ ಆ ಬಲವೂ ಬಂದವೆಂದು ನಂಬಿದನು. ಇಂದಿನ ಜಾಹೀರಾತುಗಳ ವಿದ್ಯೆಯೆಲ್ಲವೂ ಇದರಲ್ಲಿ ಬೀಜರೂಪವಾಗಿ ಅಡಗಿದೆ.

ಬಲದ ಪಕ್ಷದವರು ಸುಮ್ಮನಿರಲಿಲ್ಲ. ಲೈಪ್‌ಝಿಗ್ ನಗರದಿಂದ ಬಂದ ಆರ್ಥರ್ ಸ್ಯಾಕ್ಸನ್ನನೆಂಬ ಹತ್ತೊಂಬತ್ತು ವರ್ಷದ ತರುಣನು 1898ರ ಫೆಬ್ರವರಿಯಲ್ಲಿ ಷೆಫೀಲ್ಡ್ ಪಟ್ಟಣದ ರಂಗಮಂದಿರದಲ್ಲಿ ಸವಾಲನ್ನು ಹಾಕಿದನು. ಅದನ್ನು ಸ್ವೀಕರಿಸಿ ಸ್ಯಾಂಡೋನು ವೇದಿಕೆಯನ್ನೇರಿದನು. ಸ್ಯಾಕ್ಸನ್ನನು ಎತ್ತಿದುದನ್ನು ಸ್ಯಾಂಡೋನು ಸರಿಯಾಗಿ ಎತ್ತಲಾರದೆ ಹೋದನೆಂದು ಸ್ಯಾಕ್ಸನ್ನನ ಕಡೆಯವರು ಸಾರಿದರು. ವಿವಾದವು ನ್ಯಾಯಾಲಯಕ್ಕೆ ಹೋಗಿ ತೀರ್ಪು ಸ್ಯಾಂಡೋನ ಪಕ್ಷಕ್ಕೆ ಆಯಿತು. ನ್ಯಾಯಾಲಯದ ತೀರ್ಪು ಏನೇ ಆಗಲಿ, ಮುಂದೆ ಅದೇ ಪಟ್ಟಿನಲ್ಲಿ ಸ್ಯಾಕ್ಸನ್ನನು ಸುಮಾರು 370 ಪೌಂಡ್ ಭಾರವನ್ನು ಒಂದೇ ಕೈಯಿಂದ ಎತ್ತಿದನು. ಸ್ಯಾಂಡೋನ ಮೈಯ ಶಿಲ್ಪಸೌಷ್ಠವವು ಅವನಿಗೆ ಇರಲಿಲ್ಲ. ಅದನ್ನು ಅವನು ಬಯಸಲೂ ಇಲ್ಲ. 1905ರಲ್ಲಿ ಅವನು ಪ್ರಕಟಿಸಿದ ಪುಸ್ತಕದಲ್ಲಿ ಮಾಂಸಖಂಡದ ಅಳತೆಯೇ ಬಲದ ಅಳತೆಯಲ್ಲವೆಂಬ ವಾದವನ್ನು ಸ್ಪಷ್ಟವಾಗಿ ಮಂಡಿಸಿದನು.

ಈ ವಾದದಲ್ಲಿ ಎಷ್ಟು ಸತ್ಯವಿದೆಯೆಂಬುದನ್ನು ಇಂದಿನ ಶರೀರಶಾಸ್ತ್ರವು ಚೆನ್ನಾಗಿ ವಿವರಿಸುತ್ತದೆ. ಮಾಂಸಖಂಡವು ದಪ್ಪವಾದಷ್ಟೂ ಎಳೆಯುವ ಶಕ್ತಿಗೆ ಅವಕಾಶವು ಹೆಚ್ಚುವುದು ದಿಟ. ಆದರೆ ಆ ಶಕ್ತಿಯನ್ನು ಹೊರಗೆಡಹುವುದು ನರಮಂಡಲದ ಕೆಲಸ. ಭಾರವೆತ್ತುವಾಗ ಮಾಂಸಖಂಡದ ಎಷ್ಟು ತಂತುಗಳನ್ನು ಮಿದುಳು ಒಟ್ಟಿಗೆ ಕರೆಯಬಲ್ಲದು, ಎಷ್ಟು ವೇಗವಾಗಿ ಆಜ್ಞೆಯನ್ನು ಕಳುಹಿಸಬಲ್ಲದು, ಬೇರೆ ಬೇರೆ ಅಂಗಗಳನ್ನು ಹೇಗೆ ಹೊಂದಿಸಬಲ್ಲದು ಎಂಬುದರ ಮೇಲೆ ಬಲವು ನಿಂತಿದೆ. ಹೊಸಬನೊಬ್ಬನು ಸಾಧನೆಗೆ ತೊಡಗಿದ ಮೊದಲ ಕೆಲವು ವಾರಗಳಲ್ಲಿ ತೋಳಿನ ಸುತ್ತಳತೆ ಹೆಚ್ಚದಿದ್ದರೂ ಎತ್ತುವ ಭಾರವು ಹೆಚ್ಚುವುದು ಈ ಕಾರಣದಿಂದಲೇ. ತೂಕದ ವರ್ಗಗಳಿಗೆ ಕಟ್ಟುಬಿದ್ದ ಭಾರ ಎತ್ತುವ ಸ್ಪರ್ಧಾಳುಗಳು ದೇಹದ ತೂಕವನ್ನು ಏರಿಸದೆಯೇ ವರ್ಷದಿಂದ ವರ್ಷಕ್ಕೆ ಹೆಚ್ಚು ಎತ್ತುವುದೂ ಹೀಗೆಯೇ.

ಆದುದರಿಂದ ಎರಡು ಗುರಿಗಳಿಗೆ ಎರಡು ದಾರಿಗಳು. ಬಲ ಬೇಕಾದವನು ಭಾರವಾದುದನ್ನೇ ಎತ್ತಬೇಕು. ಒಂದು ಸರದಿಗೆ ಐದಾರು ಸಲಕ್ಕಿಂತ ಹೆಚ್ಚು ಎತ್ತಲಾಗದಷ್ಟು ಭಾರವಿರಬೇಕು. ಸರದಿ ಸರದಿಗಳ ನಡುವೆ ಮೂರು ನಾಲ್ಕು ನಿಮಿಷ ಮೈಗೆ ಪೂರ್ಣ ವಿಶ್ರಾಂತಿ ಕೊಡಬೇಕು. ಯಾವ ಕೆಲಸದಲ್ಲಿ ಬಲ ಬೇಕೋ ಅದೇ ಚಲನೆಯನ್ನು ಅಭ್ಯಾಸ ಮಾಡಬೇಕು. ಮಾಂಸಖಂಡದ ಗಾತ್ರ ಬೇಕಾದವನು ಮಧ್ಯಮ ಭಾರವನ್ನು ಎಂಟು ಹತ್ತು ಹನ್ನೆರಡು ಸಲ ಎತ್ತಿ, ಅಂಥ ಸರದಿಗಳನ್ನು ಹೆಚ್ಚು ಮಾಡಿ, ಮಾಂಸಖಂಡವು ಸೋತು ಇನ್ನಾಗದೆನ್ನುವ ತನಕ ದುಡಿಸಬೇಕು. ಹಾಗೆ ಸೋಲುವ ತನಕ ಮಾಡಿದರೆ ಹಗುರ ಭಾರದಿಂದಲೂ ಗಾತ್ರವು ಬೆಳೆಯುವುದೆಂದು ಈಚಿನ ಪ್ರಯೋಗಗಳು ತೋರಿಸಿವೆ. ಆದರೆ ಅತ್ಯಧಿಕ ಭಾರವನ್ನು ಎತ್ತುವ ಬಲವು ಅದರಿಂದ ಅಷ್ಟಾಗಿ ಬರುವುದಿಲ್ಲ. ಸ್ಯಾಂಡೋನ ಡಂಬೆಲ್ಸಿಗೂ ಆಟಿಲನ ಕಬ್ಬಿಣಕ್ಕೂ ಇರುವ ಅಂತರದ ಗುಟ್ಟು ಇದರಲ್ಲಿದೆ. ಎರಡು ದಾರಿಗಳೂ ಆಗಾಗ ಒಂದನ್ನೊಂದು ಕೂಡುತ್ತವೆ. ಬಲಿಷ್ಠನ ಮೈ ಸ್ವಲ್ಪವಾದರೂ ತುಂಬುತ್ತದೆ, ತುಂಬಿದ ಮೈಗೆ ಸ್ವಲ್ಪವಾದರೂ ಬಲವಿರುತ್ತದೆ. ಆದರೆ ಒಂದನ್ನು ಬಿತ್ತಿ ಇನ್ನೊಂದರ ಪೂರ್ಣ ಫಸಲನ್ನು ನಿರೀಕ್ಷಿಸಲಾಗದು.

ಸ್ಯಾಂಡೋನಿಗೂ ಈ ವ್ಯತ್ಯಾಸದ ಅರಿವು ಇದ್ದಿತೆಂದೇ ನಮ್ಮ ಊಹೆ. 1901ರ ಸೆಪ್ಟೆಂಬರ್ 14ರಂದು ಲಂಡನ್ನಿನ ಆಲ್ಬರ್ಟ್ ಸಭಾಭವನದಲ್ಲಿ ಅವನು ನಡೆಸಿದ ಅಂಗಸೌಷ್ಠವದ ಮಹಾಸ್ಪರ್ಧೆಯಲ್ಲಿ ಶಿಲ್ಪಿಯಾದ ಚಾರ್ಲ್ಸ್ ಲಾಸನೂ, ಷರ್ಲಾಕ್ ಹೋಮ್ಸನ ಕಥೆಗಳನ್ನು ಬರೆದ ಆರ್ಥರ್ ಕಾನನ್ ಡಾಯಿಲನೂ ಅವನೊಡನೆ ತೀರ್ಪುಗಾರರಾಗಿದ್ದರು. ಗೆದ್ದವನು ನಾಟಿಂಗ್‌ಹ್ಯಾಮಿನ ವಿಲಿಯಂ ಮರ್ರೇ. ಅವನಿಗೆ ಸ್ಯಾಂಡೋನದೇ ಚಿನ್ನದ ಪುಟ್ಟ ವಿಗ್ರಹವು ಬಹುಮಾನವಾಗಿ ದೊರೆಯಿತು. ಬರಿಯ ಗಾತ್ರಕ್ಕೆ ಬಹುಮಾನವಿಲ್ಲವೆಂದೂ, ಅಂಗಗಳ ಸಮತೋಲ, ಆರೋಗ್ಯ, ಚರ್ಮದ ಕಾಂತಿ ಇವುಗಳನ್ನೆಲ್ಲ ನೋಡಬೇಕೆಂದೂ ನಿಯಮವಿದ್ದಿತು. ಒಳ್ಳೆಯ ನಿಯಮವೇ ಸರಿ. ಆದರೆ ಆ ಪಟ್ಟಿಯಲ್ಲಿ ಏನನ್ನಾದರೂ ಎತ್ತಿ ತೋರಿಸಬೇಕೆಂಬ ನಿಯಮವಿರಲಿಲ್ಲ. ಅದೇ ಕಾಲಕ್ಕೆ ಲಂಡನ್ನಿನ ಪ್ರಕೃತಿವಿಜ್ಞಾನದ ವಸ್ತುಸಂಗ್ರಹಾಲಯವು ಅವನ ಇಡೀ ದೇಹದ ಅಚ್ಚನ್ನು ತೆಗೆಸಿ, ಬಿಳಿಯ ಜನಾಂಗದ ಪರಿಪೂರ್ಣ ಮಾದರಿಯೆಂದು ಇಟ್ಟುಕೊಂಡಿತು. ಒಬ್ಬ ಮನುಷ್ಯನ ಮೈಕಟ್ಟು ಒಂದು ಜನಾಂಗದ ಹಿರಿಮೆಗೆ ಪ್ರಮಾಣವಾಗುವುದಾದರೆ, ಆಳುವವರಿಗೆ ಅದಕ್ಕಿಂತ ಸುಲಭವಾದ ಪ್ರಮಾಣವು ಯಾವುದಿದ್ದೀತು?

ಆ ಪ್ರಮಾಣಕ್ಕೆ ಉತ್ತರವು ನಮ್ಮ ದೇಶದಿಂದಲೇ ಹೋಯಿತು. ಸ್ಯಾಂಡೋನು 1904-05ರ ಪ್ರವಾಸದಲ್ಲಿ ಹಿಂದೂಸ್ಥಾನಕ್ಕೆ ಬಂದು ತನ್ನ ವಿದ್ಯೆಯನ್ನು ತೋರಿಸಿದನು. ನಮ್ಮವರು ಅವನನ್ನು ಮೆಚ್ಚಿದರು. ಅವನ ಪುಸ್ತಕಗಳೂ ಡಂಬೆಲ್ಸೂ ಇಲ್ಲಿ ಹರಡಿದವು. ಆದರೆ ಅವನು ಬರುವುದಕ್ಕೆ ಶತಮಾನಗಳ ಮುಂಚಿನಿಂದಲೂ ನಮ್ಮಲ್ಲಿ ಗರಡಿಗಳಿದ್ದವು. ಗರಡಿಯ ಕೆಮ್ಮಣ್ಣಿನಲ್ಲಿ ದಂಡೆ, ಬಸ್ಕಿ, ಗದೆಗಳಿಂದ ಮೈ ಪಳಗಿಸಿದ ಪೈಲ್ವಾನನಿಗೆ ಕನ್ನಡಿಯ ಗೊಡವೆಯಿರಲಿಲ್ಲ. ಎದುರಾಳಿಯೇ ಅವನ ಕನ್ನಡಿ. 1910ರಲ್ಲಿ ಪಂಜಾಬಿನ ಗಾಮಾ ಪೈಲ್ವಾನನು ಲಂಡನ್ನಿಗೆ ಹೋದಾಗ, ಅವನ ಎತ್ತರವು ಸಾಲದೆಂದು ಮೊದಲು ಪಂದ್ಯಗಳಿಗೆ ಸೇರಿಸಿಕೊಳ್ಳಲಿಲ್ಲವೆಂದು ಹೇಳುತ್ತಾರೆ. ಅಲ್ಲಿ ಅವನು ಅಮೆರಿಕದ ವೈದ್ಯ ಮಲ್ಲನಾದ ರೋಲರನನ್ನು ನಿಮಿಷಗಳೊಳಗೆ ಕೆಡವಿದನು. ಸೆಪ್ಟೆಂಬರ್ 10ರಂದು, ತೂಕದಲ್ಲಿ ತನಗಿಂತ ಬಹು ಹೆಚ್ಚಿನವನಾದ ಪೋಲೆಂಡಿನ ಝ್ಬಿಸ್ಕೋ ಎರಡೂವರೆ ಗಂಟೆಗೂ ಮಿಕ್ಕಿ ನೆಲಕ್ಕೆ ಅಂಟಿಕೊಂಡು ಸೋಲನ್ನು ತಪ್ಪಿಸಿಕೊಂಡನು; ಏಳು ದಿನಗಳ ಬಳಿಕ ಮತ್ತೆ ಸೇರಬೇಕಾಗಿದ್ದಾಗ ಕಣಕ್ಕೇ ಬರಲಿಲ್ಲ. 1928ರಲ್ಲಿ ಪಟಿಯಾಲದಲ್ಲಿ ಇಬ್ಬರೂ ಪುನಃ ಸೇರಿದಾಗ ಒಂದು ನಿಮಿಷವೂ ತುಂಬುವ ಮುನ್ನ ಗಾಮಾ ಗೆದ್ದನು. ಅಳತೆಪಟ್ಟಿಗೆ ಕಾಣದ ಬಲವು ಎಂಥದೆಂಬುದನ್ನು ಆ ಕಣವು ಕಂಡಿತು.

ಕನ್ನಡ ನಾಡಿನಲ್ಲಿಯೂ ಎರಡು ಪರಂಪರೆಗಳೂ ಬಾಳಿವೆ. ಮೈಸೂರಿನ ಜಟ್ಟಿಗಳ ಗರಡಿಗಳನ್ನೂ, ದಸರೆಯ ಕುಸ್ತಿಗಳನ್ನೂ, ಬಡಗಣ ಜಿಲ್ಲೆಗಳ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲನ್ನೂ ಜೋಳದ ಚೀಲವನ್ನೂ ಎತ್ತುವ ರೈತರ ಮಕ್ಕಳನ್ನೂ ವಾಚಕರು ಬಲ್ಲರು. ಇತ್ತ ಸ್ಯಾಂಡೋನು ಎಬ್ಬಿಸಿದ ಅಲೆಯಲ್ಲಿ ಮೂಡಿಬಂದವರು ಬೆಂಗಳೂರಿನ ಕೆ. ವಿ. ಅಯ್ಯರ್ ಅವರು. ಶಾಂತಲಾ ಕಾದಂಬರಿಯ ಕರ್ತೃವೆಂದು ಕನ್ನಡಿಗರು ಅವರನ್ನು ಹೆಚ್ಚಾಗಿ ಬಲ್ಲರಾದರೂ, ಅವರ ಜೀವಿತದ ಮುಖ್ಯ ಉದ್ಯೋಗವು ವ್ಯಾಯಾಮಶಾಲೆ. 1930ರಲ್ಲಿ ಅಂಗಸಾಧನೆಯ ಮೇಲೆ ಅವರು ಇಂಗ್ಲಿಷಿನಲ್ಲಿ ಪುಸ್ತಕವನ್ನು ಪ್ರಕಟಿಸಿದರು. ಪಾಶ್ಚಾತ್ಯರ ಕಬ್ಬಿಣದ ಜೊತೆಗೆ ನಮ್ಮ ಹಠಯೋಗವನ್ನೂ ಸೂರ್ಯನಮಸ್ಕಾರವನ್ನೂ ಹೊಂದಿಸಿ ಕಲಿಸಿದುದು ಅವರ ವಿಶೇಷ. ಅಂಗಸೌಂದರ್ಯವನ್ನು ಅವರು ಮುಚ್ಚುಮರೆಯಿಲ್ಲದೆ ಆರಾಧಿಸಿದರು. ಆದರೆ ಅದನ್ನು ಆರೋಗ್ಯದ ಫಲವೆಂದು ಕಂಡರೇ ಹೊರತು ಆರೋಗ್ಯಕ್ಕೆ ಬದಲಾಗಿ ಕೊಳ್ಳುವ ಸರಕೆಂದಲ್ಲ. ಎರಡನ್ನೂ ಬೆರೆಸಲು ಬರುವುದೆಂಬುದಕ್ಕೆ ನಮ್ಮವರೇ ಆದ ಸಾಕ್ಷಿ ಇದು.

ಸ್ಯಾಂಡೋನ ಕೊನೆಯ ವರ್ಷಗಳು ಇಳಿಗಾಲವೇ. 1911ರಲ್ಲಿ ದೊರೆ ಐದನೆಯ ಜಾರ್ಜನು ಅವನನ್ನು ತನ್ನ ಅಂಗಸಾಧನೆಯ ಆಚಾರ್ಯನನ್ನಾಗಿ ನೇಮಿಸಿಕೊಂಡನು. ಅದೇ ಅವನ ಕೀರ್ತಿಯ ಶಿಖರ. ಬಳಿಕ ಬಂದ ಮಹಾಯುದ್ಧದ ಕಾಲದಲ್ಲಿ, ಜರ್ಮನ್ ಮೂಲದವನಾದ ಅವನು ತನ್ನ ಹೆಸರಿನಲ್ಲಿ ಮಾರುತ್ತಿದ್ದ ಕೋಕೋ ಪುಡಿಯ ವ್ಯಾಪಾರವು ಕುಸಿದುಹೋಯಿತು. 1925ರ ಅಕ್ಟೋಬರ್ 14ರಂದು, 58ನೆಯ ವಯಸ್ಸಿನಲ್ಲಿ, ಅವನು ಲಂಡನ್ನಿನಲ್ಲಿ ತೀರಿಕೊಂಡನು. ಲೋಕದಲ್ಲಿ ಅತಿ ಹೆಚ್ಚು ಚಿತ್ರ ತೆಗೆಸಿಕೊಂಡ ದೇಹಗಳಲ್ಲಿ ಒಂದಾದ ಆ ದೇಹವನ್ನು ಪಟ್ನಿ ವೇಲ್ ಸ್ಮಶಾನದಲ್ಲಿ ಹೆಸರಿನ ಕಲ್ಲೂ ಇಲ್ಲದೆ ಹೂಳಿದರು. ಈ ಶತಮಾನದಲ್ಲಿಯೇ ಅಲ್ಲಿಗೆ ಕಲ್ಲು ಬಂದಿತು. ಅವನ ವಿಗ್ರಹವಾದರೋ 1977ರಿಂದ ಮಿಸ್ಟರ್ ಒಲಿಂಪಿಯಾ ಎಂಬ ಅಂಗಸೌಷ್ಠವದ ಅತ್ಯುಚ್ಚ ಸ್ಪರ್ಧೆಯಲ್ಲಿ ಗೆದ್ದವನ ಕೈ ಸೇರುತ್ತಿದೆ. ಆ ವಿಗ್ರಹವನ್ನು ಗೆಲ್ಲುವವರ ಗಾತ್ರವು ಈಗ ಸ್ಯಾಂಡೋನನ್ನು ಎಷ್ಟೋ ಮೀರಿಸಿದೆ. ಆ ಗಾತ್ರಕ್ಕೆ ಕಬ್ಬಿಣವೂ ಅನ್ನವೂ ಮಾತ್ರ ಕಾರಣವಲ್ಲ. 1935ರಲ್ಲಿ ಪ್ರಯೋಗಶಾಲೆಯಲ್ಲಿ ಮೊದಲ ಬಾರಿ ತಯಾರಾದ ಪುರುಷ ಗ್ರಂಥಿರಸವೂ ಅದರ ಸಂತತಿಯ ಔಷಧಗಳೂ ಬಹುಮಟ್ಟಿಗೆ ಕಾರಣ. ಸ್ಯಾಂಡೋನ ಕಾಲಕ್ಕೆ ಅವು ಇರಲಿಲ್ಲ.

ಇಲ್ಲಿಯೇ ನಮ್ಮ ಕಳವಳವಿದೆ. ಬಲವನ್ನು ಸುಳ್ಳು ಮಾಡುವುದು ಕಷ್ಟ. ಭಾರವು ನೆಲದಿಂದ ಮೇಲೇಳುತ್ತದೆ, ಇಲ್ಲವೆ ಏಳುವುದಿಲ್ಲ. ರೂಪಕ್ಕಾದರೋ ಮೇರೆಯೆಂಬುದಿಲ್ಲ, ಕನ್ನಡಿಯು ಯಾವ ಹುಡುಗನಿಗೂ ಸಾಕೆಂದು ಹೇಳಿದುದಿಲ್ಲ. ಹಾಗೆ ಸಾಕೆನಿಸದೆ, ಆರು ತಿಂಗಳಲ್ಲಿ ಆಗಬೇಕಾದುದು ಆರು ವಾರದಲ್ಲಿ ಆಗಲೆಂದು, ವೈದ್ಯರನ್ನು ಕೇಳದೆಯೇ ಚುಚ್ಚುಮದ್ದಿಗೆ ಕೈಯೊಡ್ಡುವ ತರುಣರು ನಮ್ಮ ಊರುಗಳಲ್ಲಿಯೂ ಇದ್ದಾರೆ. ಹೃದಯಕ್ಕೂ ಯಕೃತ್ತಿಗೂ ಸಂತಾನಶಕ್ತಿಗೂ ಅದರಿಂದ ತಗಲುವ ಹಾನಿಯನ್ನು ವೈದ್ಯಶಾಸ್ತ್ರವು ಸಂಶಯವಿಲ್ಲದೆ ಸಾರಿದೆ. ಗುರಿ ಯಾವುದೆಂದು ಮೊದಲೇ ಕೇಳಿಕೊಂಡಿದ್ದರೆ ಇವರಲ್ಲಿ ಹಲವರು ಆ ಹಾದಿಯನ್ನು ಹಿಡಿಯುತ್ತಿರಲಿಲ್ಲವೆಂದು ನಾವು ಭಾವಿಸುತ್ತೇವೆ.

ಮಾಂಸಖಂಡವು ವ್ಯರ್ಥವೆಂದು ನಾವು ಹೇಳುತ್ತಿಲ್ಲ. ವಯಸ್ಸು ಏರಿದಂತೆ ಅದು ಕರಗುತ್ತ ಹೋಗುತ್ತದೆ; ಅದನ್ನು ಕೂಡಿಟ್ಟವನು ಮುಪ್ಪಿನಲ್ಲಿ ಬೀಳುವುದೂ ಮೂಳೆ ಮುರಿದುಕೊಳ್ಳುವುದೂ ಕಡಮೆ. ವಾರದಲ್ಲಿ ಎರಡು ದಿನಗಳಾದರೂ ಮಾಂಸಖಂಡಗಳಿಗೆ ಬಲ ಬರುವಂಥ ವ್ಯಾಯಾಮವನ್ನು ವಯಸ್ಕರೆಲ್ಲರೂ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರ ಸೂಚನೆಗಳಲ್ಲಿ ತಿಳಿಸಿದೆ. ಇದು ಹೆಂಗಸರಿಗೂ ಮುದುಕರಿಗೂ ಅನ್ವಯಿಸುವ ಮಾತು. ಸುಂದರವಾದ ಮೈಕಟ್ಟನ್ನು ಬಯಸುವುದೂ ಪಾಪವಲ್ಲ. ಆದರೆ ಬಯಸುವವನು ತಾನು ಬಯಸುವುದು ಇದನ್ನೆಂದು ತಿಳಿದು ಬಯಸಲಿ; ಅದಕ್ಕೆ ತಕ್ಕ ದಾರಿಯನ್ನು ಹಿಡಿಯಲಿ; ತೋಳಿನ ಸುತ್ತಳತೆಯನ್ನು ಶಕ್ತಿಯೆಂದು ಭ್ರಮಿಸದಿರಲಿ.

ವ್ಯಾಯಾಮಶಾಲೆಗಳನ್ನು ನಡೆಸುವವರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಹೊಸದಾಗಿ ಬಂದ ಹುಡುಗನ ಎದೆಯ ಅಳತೆಯನ್ನು ಬರೆದಿಡುವ ಪುಸ್ತಕದಲ್ಲಿಯೇ ಅವನು ಎತ್ತಿದ ಭಾರವನ್ನೂ ಬರೆದಿಡಲಿ. ಅವನಿಗೆ ಎರಡು ದಾರಿಗಳನ್ನೂ ತಿಳಿಸಿ, ಆರಿಸಿಕೊಳ್ಳುವ ಅವಕಾಶವನ್ನು ಕೊಡಲಿ. ಸ್ಯಾಂಡೋನ ಚಿತ್ರವನ್ನು ಗೋಡೆಗೆ ತೂಗುಹಾಕುವವರು, ಚಿತ್ರದಲ್ಲಿ ಕಾಣದಿರುವ ಆಟಿಲನ ಭಾರವಾದ ಕಬ್ಬಿಣದ ಕಥೆಯನ್ನೂ ಹುಡುಗರಿಗೆ ಹೇಳಲಿ.